ಡೆಬಿಯನ್ ಸ್ಟೇಬಲ್, ವ್ಹೀಜಿಯಿಂದ ಬುಕ್‌ವರ್ಮ್‌ವರೆಗೆ: ಶೆಲ್ ಮತ್ತು ಆರ್ಕೈವ್ ಪ್ಯಾಚ್‌ಗಳನ್ನು ನೋಡಿದ ಬಳಕೆದಾರರ ವಿಮರ್ಶೆ

ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್ ಬಗ್ಗೆ ಬರುವ ವಿಮರ್ಶೆಗಳು ಹೆಚ್ಚಾಗಿ ಇನ್‌ಸ್ಟಾಲ್ ಮಾಡಿದ ವಾರದಲ್ಲೇ ಬರೆದಂಥವು. ಆದರೆ ಸರ್ವರ್‌ನಲ್ಲಿ ಓಡುವ ಒಂದು ಆಪರೇಟಿಂಗ್ ಸಿಸ್ಟಮ್ ಎಂಥದ್ದು ಅನ್ನುವುದು ಗೊತ್ತಾಗುವುದು ಅದರೊಳಗಿನ ಯಾವುದೋ ಹಳೇ ಉಪಕರಣದಲ್ಲಿ ದೊಡ್ಡ ದೋಷ ಸಿಕ್ಕ ದಿನ. ಏಳನೇ ಆವೃತ್ತಿ ವ್ಹೀಜಿಯಿಂದ ಹನ್ನೆರಡನೆಯ ಬುಕ್‌ವರ್ಮ್‌ವರೆಗೆ ಒಂದು ಸಣ್ಣ ಪ್ರಕಾಶನದ ಫೈಲ್ ಸರ್ವರನ್ನು ಇದರ ಮೇಲೆಯೇ ನಡೆಸಿಕೊಂಡು ಬಂದಿದ್ದೇನೆ. ಲೇಖಕರು, ಡಿಟಿಪಿಯವರು ಕಳಿಸುವ ಜಿಪ್ ಫೈಲ್‌ಗಳು ಅಲ್ಲಿಗೆ ಬರುತ್ತವೆ. ರಾತ್ರಿ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ವ್ಯವಸ್ಥೆ) ಓಡುವ ಶೆಲ್ ಸ್ಕ್ರಿಪ್ಟ್‌ಗಳು, ಅಂದರೆ ಕಮಾಂಡ್‌ಗಳ ಪಟ್ಟಿಗಳು, ಅವನ್ನು ಬಿಚ್ಚಿ, ವಿಂಗಡಿಸಿ, ಒಂದೇ ಕಂತೆಯಾಗಿ ಟಾರ್ ಮಾಡಿ, ಎಕ್ಸ್‌ಜೆಡ್‌ನಲ್ಲಿ ಕುಗ್ಗಿಸಿ ಬ್ಯಾಕಪ್ ಡಿಸ್ಕಿಗೆ ಹಾಕುತ್ತವೆ. ಹೊರಗಿನವರ ಫೈಲನ್ನು ನೇರವಾಗಿ ಈ ಉಪಕರಣಗಳ ಕೈಗೆ ಕೊಡುವ ಕೆಲಸ ಇದು. ಹಾಗಾಗಿ ನನಗೆ ಬೇಕಿರುವುದು ಎರಡೇ: ದೋಷ ಸಿಕ್ಕರೆ ಪ್ಯಾಚ್ (ಅದನ್ನು ಸರಿಪಡಿಸುವ ತಿದ್ದುಪಡಿ) ಬೇಗ ಬರಬೇಕು, ಬಂದ ಪ್ಯಾಚ್ ನನ್ನ ಸ್ಕ್ರಿಪ್ಟನ್ನು ಕೆಡಿಸಬಾರದು.

ಮೊದಲ ಪರೀಕ್ಷೆ 2014ರ ಸೆಪ್ಟೆಂಬರ್ 24ರಂದು ಬಂತು. ಸ್ಟೆಫಾನ್ ಶಾಜೆಲಾ ಕಂಡುಹಿಡಿದ ಶೆಲ್‌ಶಾಕ್ ದೋಷ ಅವತ್ತು ಬಹಿರಂಗವಾಯಿತು. ಬ್ಯಾಶ್ ಎಂಬ ಶೆಲ್ (ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಮ್) ಶುರುವಾಗುವಾಗ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ, ಅಂದರೆ ಪ್ರೋಗ್ರಾಮ್‌ಗೆ ಹೊರಗಿನಿಂದ ಸಿಗುವ ಹೆಸರು-ಮೌಲ್ಯಗಳಲ್ಲಿ, ಫಂಕ್ಷನ್ (ಹೆಸರಿಟ್ಟ ಕಮಾಂಡ್‌ಗಳ ಗುಂಪು) ಇದೆಯೇ ಎಂದು ನೋಡುತ್ತದೆ. ಇದ್ದರೆ ಅದನ್ನು ಓದಿಕೊಂಡು ಸುಮ್ಮನಾಗಬೇಕು. ಬ್ಯಾಶ್ ಸುಮ್ಮನಾಗುತ್ತಿರಲಿಲ್ಲ, ಫಂಕ್ಷನ್ ಮುಗಿದ ಮೇಲೆ ಬಾಲದಂತೆ ಇನ್ನೇನಾದರೂ ಬರೆದಿದ್ದರೆ ಅದನ್ನೂ ಕಮಾಂಡ್ ಎಂದು ಓಡಿಸಿಬಿಡುತ್ತಿತ್ತು. ವೆಬ್ ಸರ್ವರ್ ಬೇರೆ ಪ್ರೋಗ್ರಾಮ್‌ಗಳನ್ನು ಓಡಿಸುವ ಸಿಜಿಐ ಪದ್ಧತಿಯಲ್ಲಿ ಬ್ರೌಸರ್ ಕಳಿಸುವ ಹೆಡರ್‌ಗಳೆಲ್ಲ ಎನ್ವಿರಾನ್‌ಮೆಂಟ್ ವೇರಿಯಬಲ್ ಆಗುವುದರಿಂದ, ಎಲ್ಲೋ ಕೂತವರು ನಮ್ಮ ಯಂತ್ರದಲ್ಲಿ ಕಮಾಂಡ್ ಓಡಿಸಬಹುದಿತ್ತು. 1989ರಿಂದಲೂ ಬ್ಯಾಶ್‌ನಲ್ಲಿ ಇದ್ದ ದೋಷ ಅದು.

ಡೆಬಿಯನ್ ಅದೇ ದಿನ ಪ್ಯಾಚ್ ಬಿಟ್ಟಿತು. ಆ ಪ್ಯಾಚ್ ಸಾಲದು ಎಂದು ಭದ್ರತಾ ಸಂಶೋಧಕ ಟ್ಯಾವಿಸ್ ಓರ್ಮಂಡಿ ತೋರಿಸಿದರು. ಮರುದಿನವೇ ಎರಡನೆಯದು ಬಂತು. ಎರಡನೆಯ ಪ್ಯಾಚ್‌ನಲ್ಲಿ ನನಗೆ ಮೆಚ್ಚುಗೆಯಾದ ಅಂಶವೆಂದರೆ, ತೋರಿಸಿಕೊಟ್ಟ ತೂತನ್ನು ಮುಚ್ಚಿ ಅಷ್ಟಕ್ಕೇ ನಿಲ್ಲಲಿಲ್ಲ. ಫಂಕ್ಷನ್ ಹೊತ್ತ ವೇರಿಯಬಲ್‌ಗಳ ಹೆಸರಿಗೆ ಹಿಂದೆ ಮುಂದೆ ವಿಶೇಷ ಗುರುತು ಸೇರಿಸಿದರು. ಆ ಗುರುತಿಲ್ಲದ ವೇರಿಯಬಲ್‌ನಲ್ಲಿ ಏನೇ ಇದ್ದರೂ ಬ್ಯಾಶ್ ಅದನ್ನು ಫಂಕ್ಷನ್ ಎಂದು ನೋಡುವುದೇ ಇಲ್ಲ. ಆಮೇಲೆ ಇದೇ ಭಾಗದಲ್ಲಿ ಬೇರೆ ದೋಷಗಳು ಸಿಕ್ಕಾಗಲೂ ಈ ಬಾಗಿಲು ಮುಚ್ಚೇ ಇತ್ತು.

ಇದಕ್ಕೂ ಮೊದಲೇ ತೆಗೆದುಕೊಂಡಿದ್ದ ಒಂದು ನಿರ್ಧಾರವೂ ಕಾಪಾಡಿತು. 2011ರ ಸ್ಕ್ವೀಜ್ ಆವೃತ್ತಿಯಿಂದಲೇ ಡೆಬಿಯನ್‌ನಲ್ಲಿ ಸಿಸ್ಟಮ್ ಸ್ಕ್ರಿಪ್ಟ್‌ಗಳನ್ನು ಓಡಿಸುವ ಡೀಫಾಲ್ಟ್ ಶೆಲ್ ಡ್ಯಾಶ್. ವೇಗಕ್ಕಾಗಿ ಮಾಡಿದ ಬದಲಾವಣೆ ಅದು. ಡ್ಯಾಶ್‌ಗೆ ಎನ್ವಿರಾನ್‌ಮೆಂಟ್‌ನಿಂದ ಫಂಕ್ಷನ್ ಓದುವ ಅಭ್ಯಾಸವೇ ಇಲ್ಲದ್ದರಿಂದ, ಬ್ಯಾಶ್ ಅನ್ನೇ ಎಲ್ಲದಕ್ಕೂ ಬಳಸುವ ವ್ಯವಸ್ಥೆಗಳಿಗೆ ಹೋಲಿಸಿದರೆ ಇಲ್ಲಿ ದಾಳಿಗೆ ಸಿಗುವ ಜಾಗ ಬಹಳ ಕಡಿಮೆಯಿತ್ತು.

ಡೆಬಿಯನ್ ಸ್ಟೇಬಲ್‌ನ (ಸ್ಥಿರ ಆವೃತ್ತಿಯ) ಜೀವಾಳ ಹಳೇ ಆವೃತ್ತಿಗೇ ಪ್ಯಾಚ್ ಹಾಕುವ ಪದ್ಧತಿ. ವ್ಹೀಜಿಯಲ್ಲಿದ್ದ ಬ್ಯಾಶ್ 4.2, ಪ್ಯಾಚ್ ಆದ ಮೇಲೂ 4.2 ಆಗಿಯೇ ಉಳಿಯಿತು. ಬದಲಾದದ್ದು ಕೊನೆಯ ಬಾಲ ಮಾತ್ರ: ಡೆಬ್7ಯು1, ಆಮೇಲೆ ಡೆಬ್7ಯು3. ಹೊಸ ಸೌಲಭ್ಯ ಇಲ್ಲ, ಬದಲಾದ ಆಪ್ಷನ್ ಇಲ್ಲ, ಸ್ಕ್ರಿಪ್ಟ್‌ಗಳು ಹಾಗೇ ಓಡುತ್ತವೆ. ಈ ಭರವಸೆ ಇರುವುದರಿಂದಲೇ ಭದ್ರತಾ ಅಪ್‌ಡೇಟ್‌ಗಳನ್ನು ತಾವಾಗಿಯೇ ಹಾಕಿಕೊಳ್ಳಲು ಬಿಟ್ಟಿದ್ದೇನೆ.

ಇದೇ ಬಾಲ ಆಡಿಟ್‌ನವರಿಗೆ ಗೊಂದಲ. ಬರೀ ಆವೃತ್ತಿ ಸಂಖ್ಯೆ ನೋಡುವ ಸ್ಕ್ಯಾನರ್‌ಗಳು ಪ್ಯಾಚ್ ಆದ ಪ್ಯಾಕೇಜನ್ನೂ ಕೆಂಪು ಬಣ್ಣದಲ್ಲಿ ತೋರಿಸುತ್ತವೆ. ಅಂಥ ವರದಿ ಬಂದಾಗ ನಾನು ಕೊಡುವ ಉತ್ತರ ಆ ಪ್ಯಾಕೇಜಿನ ಚೇಂಜ್‌ಲಾಗ್, ಅಂದರೆ ಬದಲಾವಣೆಗಳ ದಾಖಲೆ. ಡೆಬಿಯನ್‌ನ ಪ್ಯಾಕೇಜ್ ಉಪಕರಣವಾದ ಆಪ್ಟ್‌ನಲ್ಲಿ ಕೇಳಿದರೆ ಸಾಕು, ಯಾವ ಸಿವಿಇ (ಸಂಖ್ಯೆ ಕೊಟ್ಟು ದಾಖಲಿಸಿದ ಭದ್ರತಾ ದೋಷ) ಯಾವ ದಿನ ಸರಿಯಾಯಿತು ಎಂದು ಸಾಲುಸಾಲಾಗಿ ಬರೆದಿರುತ್ತದೆ. ಡೆಬಿಯನ್‌ನ ಭದ್ರತಾ ಟ್ರ್ಯಾಕರ್‌ನಲ್ಲೂ ಸಿವಿಇ ಸಂಖ್ಯೆ ಹಾಕಿ ಹುಡುಕಬಹುದು. ಇಷ್ಟು ಪಾರದರ್ಶಕವಾದ ದಾಖಲೆ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್‌ಗಳಲ್ಲಿಯೂ ನಾನು ಕಂಡದ್ದು ಅಪರೂಪ.

ಆರ್ಕೈವ್ ಉಪಕರಣಗಳ ವಿಷಯದಲ್ಲಿ ಅನ್‌ಜಿಪ್ ಅನ್ನು ವಿಶೇಷವಾಗಿ ಹೇಳಬೇಕು. ಅದರ 6.0 ಆವೃತ್ತಿ ಬಂದದ್ದು 2009ರಲ್ಲಿ. ಮೂಲ ತಂಡದಿಂದ ಆಮೇಲೆ ಹೊಸ ಬಿಡುಗಡೆ ಇಲ್ಲ. ಬುಕ್‌ವರ್ಮ್‌ನಲ್ಲಿರುವುದೂ ಅದೇ 6.0, ಆದರೆ ಡೆಬಿಯನ್‌ನ ಪ್ಯಾಚ್‌ಗಳ ದೊಡ್ಡ ಕಂತೆ ಅದರ ಮೇಲಿದೆ. 2022ರಲ್ಲಿ ಸರಿಪಡಿಸಿದ ಎರಡು ದೋಷಗಳು ಫೈಲ್ ಹೆಸರಿನ ಯೂನಿಕೋಡ್ ಅಕ್ಷರಗಳನ್ನು ಪರಿವರ್ತಿಸುವ ಭಾಗದಲ್ಲಿದ್ದವು. ‘ಅಧ್ಯಾಯ ೩ ಕರಡು’ ಎಂದು ಕನ್ನಡದಲ್ಲೇ ಹೆಸರಿಟ್ಟ ಫೈಲ್‌ಗಳು ನಮ್ಮ ಸರ್ವರಿಗೆ ದಿನಾ ಬರುತ್ತವೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಬಳಸುವವರು ತಲೆ ಕೆಡಿಸಿಕೊಳ್ಳದ ಆ ಮೂಲೆಯೇ ನಮಗೆ ಹೆದ್ದಾರಿ. ಅದನ್ನು ಯಾರೋ ಸ್ವಯಂಸೇವಕರು ಕೂತು ಸರಿಮಾಡಿದರು. ಅವರಿಗೆ ನಾನು ಋಣಿ.

ಟಾರ್‌ನಲ್ಲಿ 2016ರಲ್ಲಿ ಸಿಕ್ಕದ್ದು ಬೇರೆ ಥರದ್ದು: ಆರ್ಕೈವ್‌ನಿಂದ ಒಂದು ನಿರ್ದಿಷ್ಟ ಫೈಲನ್ನು ಮಾತ್ರ ತೆಗೆಯಲು ಹೇಳಿದರೂ, ಹೆಸರಿನೊಳಗೆ ಎರಡು ಚುಕ್ಕಿಗಳನ್ನು (ಮೇಲಿನ ಫೋಲ್ಡರ್ ಎಂಬ ಸೂಚನೆ) ಜಾಣತನದಿಂದ ಸೇರಿಸಿದ್ದರೆ ಬೇರೊಂದು ಫೈಲಿನ ಮೇಲೆ ಬರೆದುಬಿಡುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಕುಗ್ಗಿಸಿದ ಫೈಲ್‌ಗಳೊಳಗೆ ಪಠ್ಯ ಹುಡುಕುವ ಜೆಡ್‌ಗ್ರೆಪ್, ಎಕ್ಸ್‌ಜೆಡ್‌ಗ್ರೆಪ್‌ಗಳಲ್ಲಿ ಹೊಸ ಸಾಲಿನ ಚಿಹ್ನೆ ಇರುವ ಫೈಲ್ ಹೆಸರು ತೊಂದರೆ ಕೊಟ್ಟಿತು. ಎರಡಕ್ಕೂ ಪ್ಯಾಚ್ ಬಂತು, ನನ್ನ ಸ್ಕ್ರಿಪ್ಟ್‌ಗಳಿಗೆ ಏನೂ ಆಗಲಿಲ್ಲ.

2024ರ ಮಾರ್ಚ್ 29ರ ಎಕ್ಸ್‌ಜೆಡ್ ಪ್ರಕರಣ ಮಾತ್ರ ದೋಷವಲ್ಲ, ಬೇಕೆಂದೇ ಇಟ್ಟ ಕಳ್ಳಬಾಗಿಲು. 5.6.0 ಮತ್ತು 5.6.1ರ ಬಿಡುಗಡೆ ಟಾರ್‌ಬಾಲ್‌ಗಳಲ್ಲಿ (ಮೂಲ ಕೋಡ್‌ನ ಕಂತೆಗಳಲ್ಲಿ) ಅದು ಅಡಗಿತ್ತು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ತಮ್ಮ ಡೆಬಿಯನ್ ಅನ್‌ಸ್ಟೇಬಲ್ (ಇನ್ನೂ ಸಿದ್ಧವಾಗುತ್ತಿರುವ ಆವೃತ್ತಿ) ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಯಂತ್ರದೊಳಗೆ ಹೋಗುವ ಸಾಧನ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿ, ಬೆನ್ನುಹತ್ತಿ ಹಿಡಿದರು. ಎಸ್‌ಎಸ್‌ಎಚ್‌ಗೂ ಎಕ್ಸ್‌ಜೆಡ್‌ಗೂ ನೇರ ಸಂಬಂಧವಿಲ್ಲ. ಡೆಬಿಯನ್‌ನಂಥ ವಿತರಣೆಗಳು ಎಸ್‌ಎಸ್‌ಎಚ್‌ಗೆ ಸರ್ವಿಸ್‌ಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಯ ಲೈಬ್ರರಿಯನ್ನು ಜೋಡಿಸಿದ್ದವು, ಅದರ ಬೆನ್ನಿಗೆ ಎಕ್ಸ್‌ಜೆಡ್‌ನ ಎಲ್‌ಝೆಡ್‌ಎಮ್‌ಎ ಲೈಬ್ರರಿ ಬರುತ್ತಿತ್ತು. ಬುಕ್‌ವರ್ಮ್‌ನಲ್ಲಿದ್ದದ್ದು 5.4.1, ಹಾಗಾಗಿ ಸ್ಟೇಬಲ್ ಬಳಕೆದಾರರು ಪಾರಾದರು. ಅನ್‌ಸ್ಟೇಬಲ್‌ನಲ್ಲಿ ಕೂಡಲೇ 5.4.5ಕ್ಕೆ ಹಿಂದಿರುಗಿದರು. ಸ್ಟೇಬಲ್‌ಗೆ ಸೋಂಕಿಲ್ಲದಿದ್ದರೂ, ಏಪ್ರಿಲ್‌ಗೆ ನಿಗದಿಯಾಗಿದ್ದ 12.6 ಬಿಡುಗಡೆಯನ್ನು ಮುಂದೂಡಿ, ಜೂನ್ ಕೊನೆಗೆ ಬಿಟ್ಟರು. ಆ ತಡವನ್ನು ನಾನು ಸಂತೋಷದಿಂದ ಸಹಿಸಿದೆ. ಡೆಬಿಯನ್ ತನ್ನ ಸಾಫ್ಟ್‌ವೇರ್ ಹಂಚುವ ಡೆಬ್ ಪ್ಯಾಕೇಜ್‌ನ ಒಳಗಿರುವುದೇ ಎಕ್ಸ್‌ಜೆಡ್‌ನಲ್ಲಿ ಕುಗ್ಗಿಸಿದ ಟಾರ್ ಫೈಲ್‌ಗಳು. ಪ್ಯಾಚ್ ಹೊತ್ತು ತರುವ ಗಾಡಿಯೇ ಸಂಶಯಕ್ಕೆ ಸಿಕ್ಕಿದಾಗ ನಿಂತು ನೋಡುವುದು ಸರಿ.

ಹಳೆಯದೆಂದ ಮಾತ್ರಕ್ಕೆ ನೆಮ್ಮದಿಯಾಗಿರಬಹುದು ಎಂದು ಯಾರೂ ತಿಳಿಯಬಾರದು. 2025ರ ಏಪ್ರಿಲ್‌ನಲ್ಲಿ ಎಕ್ಸ್‌ಜೆಡ್‌ನ ಹಲವು ಥ್ರೆಡ್‌ಗಳಲ್ಲಿ (ಒಟ್ಟಿಗೇ ಓಡುವ ಕೆಲಸಗಳಾಗಿ) ಬಿಚ್ಚುವ ಭಾಗದಲ್ಲಿ ದೋಷ ಸಿಕ್ಕಿತು. ಅದು ಆ 5.4.1ರಲ್ಲೂ ಇತ್ತು, ಅದಕ್ಕೂ ಪ್ಯಾಚ್ ಬೇಕಾಯಿತು.

ಕೊರತೆಗಳೂ ಇವೆ. ಗಂಭೀರವಲ್ಲ ಎಂದು ತಂಡ ತೀರ್ಮಾನಿಸಿದ ದೋಷಗಳಿಗೆ ತಕ್ಷಣ ಪ್ಯಾಚ್ ಬರುವುದಿಲ್ಲ, ಸುಮಾರು ಎರಡು ತಿಂಗಳಿಗೊಮ್ಮೆ ಬರುವ ಪಾಯಿಂಟ್ ಬಿಡುಗಡೆಗೆ ಕಾಯಬೇಕು. ಆರ್ಕೈವ್ ಉಪಕರಣಗಳ ಎಷ್ಟೋ ದೋಷಗಳು ಈ ಗುಂಪಿಗೇ ಸೇರುತ್ತವೆ. ನಮ್ಮಂತೆ ಅಪರಿಚಿತರ ಜಿಪ್ ಬಿಚ್ಚುವವರಿಗೆ ಈ ಕಾಯುವಿಕೆ ಸಣ್ಣದಲ್ಲ. ಅದಕ್ಕೇ ಬಿಚ್ಚುವ ಕೆಲಸವನ್ನು ಏನೂ ಅಧಿಕಾರವಿಲ್ಲದ ಪ್ರತ್ಯೇಕ ಯೂಸರ್ ಹೆಸರಿನಲ್ಲಿ, ಪ್ರತ್ಯೇಕ ಫೋಲ್ಡರ್‌ನಲ್ಲಿ ಮಾಡಿಸುತ್ತೇನೆ. ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಇನ್ನೊಂದು, ಪ್ಯಾಚ್ ಬಂದು ಕೂತರೂ ಎಲ್ಲ ಕಡೆ ಅದು ತಕ್ಷಣ ಜಾರಿಯಾಗುವುದಿಲ್ಲ. ಬ್ಯಾಶ್, ಟಾರ್ ಪ್ರತಿ ಸಲ ಹೊಸದಾಗಿ ಶುರುವಾಗುವುದರಿಂದ ಮುಂದಿನ ಓಟದಲ್ಲೇ ಹೊಸದು ಸಿಗುತ್ತದೆ. ಲೈಬ್ರರಿ ಹಾಗಲ್ಲ: ಓಡುತ್ತಿರುವ ಸರ್ವಿಸ್ ಹಳೆಯದನ್ನೇ ಮೆಮೊರಿಯಲ್ಲಿ ಹಿಡಿದುಕೊಂಡಿರುತ್ತದೆ. ನೀಡ್‌ರೀಸ್ಟಾರ್ಟ್ ಎಂಬ ಪುಟ್ಟ ಪ್ಯಾಕೇಜ್ ಹಾಕಿಕೊಂಡರೆ ಯಾವುದನ್ನು ಮರುಪ್ರಾರಂಭಿಸಬೇಕು ಎಂದು ಅದೇ ಹೇಳುತ್ತದೆ.

ಬುಕ್‌ವರ್ಮ್‌ಗೆ ಭದ್ರತಾ ತಂಡದ ಪೂರ್ಣ ಬೆಂಬಲ 2026ರ ಜೂನ್‌ವರೆಗೆ, ಆಮೇಲೆ ದೀರ್ಘಾವಧಿ ಬೆಂಬಲ ಕೊಡುವ ಎಲ್‌ಟಿಎಸ್ ತಂಡದಿಂದ 2028ರ ಜೂನ್‌ವರೆಗೆ. 2025ರ ಆಗಸ್ಟ್‌ನಲ್ಲಿ ಬಂದ ಹದಿಮೂರನೇ ಆವೃತ್ತಿ ಟ್ರಿಕ್ಸಿಗೆ ನಮ್ಮ ಸರ್ವರನ್ನೂ ಪೂರ್ಣ ಬೆಂಬಲ ಮುಗಿಯುವುದರೊಳಗೆ ಒಯ್ಯುತ್ತೇನೆ. ಬೇರೆ ಆಪರೇಟಿಂಗ್ ಸಿಸ್ಟಮ್ ಹುಡುಕುವ ಯೋಚನೆ ನನಗಿಲ್ಲ.