ರಾಕೆಟ್ ಲೀಗ್: ಹೊಸಬರು ಮೊದಲು ಕಾಯೋದು ಕಲಿಯಿರಿ
ಕಾರಿನಲ್ಲಿ ಫುಟ್‌ಬಾಲ್ ಆಡೋ ಈ ಗೇಮ್ 2015ರಲ್ಲಿ ಬಂತು, 2020ರಿಂದ ಪುಕ್ಕಟೆ. ನನಗಂತೂ ತುಂಬಾ ಇಷ್ಟ. ಮ್ಯಾಚ್ 5 ನಿಮಿಷದ್ದು, ಆದರೆ ಆನ್‌ಲೈನ್‌ನಲ್ಲಿ ಹೊಸಬರ ತಂಡದ ಮೂವರೂ ಒಟ್ಟಿಗೆ ಬಾಲ್ ಹಿಂದೆ ಓಡುತ್ತಾರೆ, ಗೋಲು ಖಾಲಿ ಬಿದ್ದಿರುತ್ತದೆ. ಒಬ್ಬರು ಹೊಡೆಯಲು ಹೋದರೆ ಇನ್ನೊಬ್ಬರು ಸ್ವಲ್ಪ ದೂರದಲ್ಲಿ ಕಾಯಬೇಕು, ಮೂರನೆಯವರು ಹಿಂದೆಯೇ ಇರಬೇಕು. ಹೊಡೆದವರು ಸುತ್ತಿ ಬಂದು ಕೊನೆಯ ಜಾಗ ಹಿಡಿಯಬೇಕು. ಬೂಸ್ಟ್ (ಕಾರಿಗೆ ವೇಗ ಕೊಡೋ ಇಂಧನ) ಬೇಕೆಂದು, ಅದನ್ನು ತುಂಬಿಸೋ ಮೂಲೆಯ ದೊಡ್ಡ ಪ್ಯಾಡ್‌ಗೆ ಸುಮ್ನೆ ಓಡಬೇಡಿ. ದಾರಿಯಲ್ಲಿರೋ ಚಿಕ್ಕ ಪ್ಯಾಡ್ ಒಂದೊಂದೂ 100ರಲ್ಲಿ 12 ಬೂಸ್ಟ್ ಕೊಡುತ್ತದೆ, ನಾಲ್ಕು ತುಳಿದರೆ ಹತ್ತಿರ ಹತ್ತಿರ ಅರ್ಧ ತುಂಬಿತಲ್ವಾ? ನಿನ್ನೆ ಹೀಗೆ ಚಿಕ್ಕ ಪ್ಯಾಡ್ ತುಳಿಯುತ್ತಾ ವಾಪಸ್ ಬಂದು, ಕೊನೇ ಸೆಕೆಂಡಿನಲ್ಲಿ ಗೋಲಿನ ಬಾಯಲ್ಲೇ ಬಾಲ್ ತಡೆದೆ, ಕೈ ನಡುಗುತ್ತಿತ್ತು! ಬಾಲ್ ಕ್ಯಾಮ್ (ಬಾಲ್ ಕಡೆಗೇ ತಿರುಗಿರೋ ಕ್ಯಾಮೆರಾ) ಮಾತ್ರ ಜಾಸ್ತಿ ಹೊತ್ತು ಆನ್ ಇರಲಿ.