ಕ್ಲೇ ಬಾರ್: ಅದಿರು ದೂಳಿನ ಊರಲ್ಲಿ ಎರಡು ವರ್ಷ ಬಳಸಿದ ಮೇಲೆ

ಕಾರಿಗೆ ಹೊಳಪು ತಂದದ್ದು ಪಾಲಿಶ್ ಅಲ್ಲ, ವ್ಯಾಕ್ಸೂ ಅಲ್ಲ. ಕಾರಿಗೆ ಹೊಳಪು ಕೊಡೋಕೆ ತರಿಸಿದ ಕಿಟ್‌ನ ಮೂಲೆಯಲ್ಲಿ ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತಿದ್ದ ನೀಲಿ ಮುದ್ದೆ. ಕ್ಲೇ ಬಾರ್ ಅಂತಾರೆ, ಬಣ್ಣಕ್ಕೆ ಕಚ್ಚಿಕೊಂಡ ಕೊಳೆಯನ್ನು ಕಿತ್ತು ತೆಗೆಯುವ ಜೇಡಿಮಣ್ಣಿನಂಥ ಮುದ್ದೆ. ತರಿಸುವಾಗ ಅದರ ಮೇಲೆ ನನಗೆ ಆಸೆಯೇ ಇರಲಿಲ್ಲ, ಬೇಕಾಗಿದ್ದದ್ದು ಬಣ್ಣ ಉಜ್ಜುವ ರಬ್ಬಿಂಗ್ ಕಾಂಪೌಂಡ್ ಮತ್ತು ಪೇಸ್ಟ್ ವ್ಯಾಕ್ಸ್. ಈಗ ಆ ಎರಡೂ ಕಪಾಟಿನಲ್ಲಿ ಅರ್ಧರ್ಧ ಉಳಿದಿವೆ, ಕ್ಲೇ ಮಾತ್ರ ಸವೆದು ಅಡಿಕೆಯಷ್ಟಾಗಿದೆ.

ನಮ್ಮದು ಹೊಸಪೇಟೆ. ಕಾರು 2013ರ ಬಿಳಿ ವ್ಯಾಗನ್ ಆರ್, ಶೆಡ್ ಇಲ್ಲ, ಮನೆ ಮುಂದೆ ಬಿಸಿಲಲ್ಲೇ ನಿಲ್ಲುತ್ತೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತ್ತಲ್ಲ, ಅದಿರು ಲಾರಿಗಳು ಮತ್ತೆ ಓಡಾಡಲು ಶುರುವಾಗುವ ಹೊತ್ತಿಗೆ ಸರಿಯಾಗಿ ನಮ್ಮ ಮನೆಗೆ ಬಿಳಿ ಕಾರು ಬಂತು! ಸಂಡೂರು ಕಡೆಯ ಕೆಂಪು ದೂಳು ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಬಂಪರ್ ಅಂಚು, ಬಾಗಿಲಿನ ಕೆಳಭಾಗ, ಡಿಕ್ಕಿ ಬಾಗಿಲು ಎಲ್ಲಾ ತೆಳು ಕಾವಿ ಬಣ್ಣಕ್ಕೆ ತಿರುಗಿದ್ದವು. ತೊಳೆದರೆ ಮೇಲಿನದು ಹೋಗೋದು, ಕಚ್ಚಿಕೊಂಡದ್ದು ಉಳಿಯೋದು. ಮೇಲಿಂದ ಬೋರ್‌ವೆಲ್‌ನ ಗಡಸು ನೀರು, ಒಣಗಿದ ಕಡೆಯೆಲ್ಲ ಬಿಳಿ ಉಂಗುರ.

ಈ ದೂಳನ್ನು ಒಣ ಬಟ್ಟೆಯಲ್ಲಿ ಒರೆಸಲೇಬಾರದು. ನಮ್ಮ ಕಡೆಯ ಅದಿರು ಹೆಮಟೈಟ್, ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಬೆಳಗ್ಗೆ ಎದ್ದು ಕೋಳಿಪುಕ್ಕದ ಡಸ್ಟರ್ ಹಿಡಿದು ಬಾನೆಟ್ ಝಾಡಿಸುವವರನ್ನು ನೋಡಿದರೆ ಈಗ ನನಗೆ ಹೊಟ್ಟೆ ಉರಿಯುತ್ತೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕಾಣುವ ಜೇಡರಬಲೆಯಂಥ ಗೀರುಗಳು ಹುಟ್ಟುವುದೇ ಅಲ್ಲಿ.

ಇನ್ನು ಕ್ಲೇ ವಿಷಯ. ಭಾನುವಾರ ಏಳು ಗಂಟೆಯೊಳಗೆ ಕಾರನ್ನು ಎದುರುಮನೆಯ ಬೇವಿನ ಮರದ ನೆರಳಿಗೆ ತಳ್ಳಿ ನಿಲ್ಲಿಸ್ತೀನಿ. ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು, ಮೊದಲು ಚೆನ್ನಾಗಿ ತೊಳೆಯೋದು. ಆಮೇಲೆ ಬೇಕರಿಯಿಂದ ಬಂದ ತೆಳ್ಳನೆ ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರೋದು. ಬರಿಗೈಗೆ ನುಣ್ಣಗೆ ಅನಿಸಿದ ಜಾಗವೇ ಕವರಿನೊಳಗಿಂದ ರವೆ ಚೆಲ್ಲಿದ ಹಾಗೆ ತರಿತರಿ ಅನಿಸುತ್ತೆ. ಅಷ್ಟು ತೊಳೆದ ಮೇಲೂ! ಮೊದಲ ಸಲ ನನ್ನ ಹೆಂಡತಿಯನ್ನು ಕರೆದು ಅವಳ ಕೈಗೂ ಕವರ್ ಹಾಕಿಸಿದೆ. "ಅಯ್ಯ, ಹೊಸಾ ಕಾರೂ ಹಿಂಗೇ ಇತ್ತೇನ್ರೀ?" ಅಂದಳು.

ಕ್ಲೇಯನ್ನು ಮೂರು ಬೆರಳಗಲ ಚಪ್ಪಟೆ ಮಾಡಿ, ಶಾಂಪೂ ನೀರು ಧಾರಾಳವಾಗಿ ಸಿಂಪಡಿಸಿ, ಒತ್ತದೆ, ನೇರ ಗೆರೆಯಲ್ಲಿ ಹಿಂದೆ ಮುಂದೆ ಆಡಿಸಬೇಕು. ಸುತ್ತು ಹಾಕಬಾರದು. ಮೊದಮೊದಲು ಗರಗರ ಸದ್ದು ಬರುತ್ತೆ, ಕೈಗೂ ತಡೆಯುತ್ತೆ. ನಾಲ್ಕಾರು ಸಲ ಆಡಿಸುವಷ್ಟರಲ್ಲಿ ಸದ್ದು ನಿಂತು ಮುದ್ದೆ ತಾನಾಗಿ ಜಾರತೊಡಗುತ್ತೆ. ಈ ಕ್ಷಣಕ್ಕೋಸ್ಕರವೇ ನಾನು ಭಾನುವಾರದ ನಿದ್ದೆ ಬಿಡೋದು. ಮುದ್ದೆ ತಿರುಗಿಸಿ ನೋಡಿದರೆ ನೀಲಿ ಹೋಗಿ ಇಟ್ಟಿಗೆ ಬಣ್ಣ. ಕೊಳೆಯನ್ನು ಒಳಕ್ಕೆ ಮಡಚಿ, ನಾದಿ, ಹೊಸ ಮುಖ ತೆಗೆದು ಮುಂದಿನ ಜಾಗಕ್ಕೆ.

ಬಾನೆಟ್ ಮೇಲೆ ಮರದ ಕೊಂಬೆ ಎಣಿಸುವಷ್ಟು ಪ್ರತಿಬಿಂಬ ಬಂದದ್ದು ಇಷ್ಟರಲ್ಲೇ. ಕಾಂಪೌಂಡ್ ಡಬ್ಬಿ ಇನ್ನೂ ತೆರೆದೇ ಇರಲಿಲ್ಲ. ಕಾರಣ ಸರಳ: ಮೈ ತರಿತರಿಯಾಗಿದ್ದರೆ ಬೆಳಕು ಚೆದುರಿ ಬಣ್ಣ ಮಂಕಾಗಿ ಕಾಣುತ್ತೆ. ನಾವು ಮಂಕಾಯಿತು ಅಂತ ಬೈಯುವ ಬಣ್ಣದಲ್ಲಿ ಅರ್ಧ ಪಾಲು ಮೇಲೆ ಕೂತ ಕೊಳೆಯೇ ಇರಬಹುದು, ನನ್ನ ಕಾರಿನ ಮಟ್ಟಿಗಂತೂ ಹಾಗೇ ಇತ್ತು.

ಉಳಿದರ್ಧಕ್ಕೆ ಕಾಂಪೌಂಡ್ ಬೇಕು, ನಿಜ. ಬಿಸಿಲಿಗೆ ಬೆಂದು ಸುಣ್ಣ ಹಿಡಿದಂತಾದ ಪದರವನ್ನು ಕ್ಲೇ ತೆಗೆಯಲ್ಲ, ಗೀರನ್ನೂ ತೆಗೆಯಲ್ಲ. ಆದರೆ ಕಾಂಪೌಂಡ್ ಅಂದರೆ ಉಜ್ಜಿ ಸವೆಸೋದು. ಈಗಿನ ಕಾರುಗಳ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಪ್ರತಿ ದೀಪಾವಳಿಗೂ ಮಷೀನ್ ಹಾಕಿಸಿದರೆ ಉಳಿಯೋದೇನು? ನಾನು ಬಾನೆಟ್ ಮತ್ತು ಬಾಗಿಲಿಗೆ ಒಂದೇ ಸಲ ಕೈಯಲ್ಲಿ ಹಾಕಿದ್ದು, ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಹಾಕುವ ಮೊದಲು ಕಾಣದ ಮೂಲೆಯಲ್ಲಿ ಸ್ವಲ್ಪ ಉಜ್ಜಿ ನೋಡಿ, ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅಲ್ಲಿ ಕ್ಲಿಯರ್ ಕೋಟ್ ಇಲ್ಲ ಅಂತ ತಿಳ್ಕೊಳ್ಳಿ. ಬಿಳಿ ಕಾರಿದ್ದವರು ಕಪ್ಪು ಬಟ್ಟೆ ತಗೊಳ್ಳಿ, ಇಲ್ಲಾಂದ್ರೆ ಏನೂ ಗೊತ್ತಾಗಲ್ಲ.

ಹೊಗಳಿಕೆ ಇಲ್ಲಿಗೆ ಮುಗೀತು. ಕಿಟ್‌ಗೆ ನಾನು ಕೊಟ್ಟದ್ದು 1,400 ರೂಪಾಯಿ, ಅದರ ಮುಕ್ಕಾಲು ಪಾಲು ದಂಡ. ವ್ಯಾಕ್ಸ್ ಡಬ್ಬಿಯ ಮೇಲೆ ಆರು ತಿಂಗಳ ರಕ್ಷಣೆ ಅಂತ ಬರೆದಿದೆ. ಯಾವ ಊರಿನ ಆರು ತಿಂಗಳೋ! ಮಾರ್ಚಿಯಲ್ಲಿ ಹಾಕಿದ್ದು ಏಪ್ರಿಲ್ ಬಿಸಿಲಿಗೆ ಮಾಯ, ನೀರು ಮುತ್ತಾಗಿ ನಿಲ್ಲೋದು ಬಿಟ್ಟು ಹಾಳೆಯ ಹಾಗೆ ಹರಡೋಕೆ ಶುರು. ಅದಕ್ಕಿಂತ ಸಿಟ್ಟು ಬಂದದ್ದು ಕಪ್ಪು ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಕೂತ ಬಿಳಿ ಪುಡಿಗೆ. ಹಳೇ ಟೂತ್‌ಬ್ರಷ್ ಹಿಡಿದು ವೈಪರ್ ಬುಡದ ಸಂದಿ ತಿಕ್ಕುತ್ತಾ ಒಂದು ಇಡೀ ಬೆಳಗ್ಗೆ ಹೋಯ್ತು. ಕಿಟ್ ಜೊತೆ ಬಂದ ಮೈಕ್ರೋಫೈಬರ್ ಬಟ್ಟೆ ಎರಡು ಒಗೆತಕ್ಕೆ ಅಡುಗೆಮನೆ ಕಟ್ಟೆಗೆ ಹೋಯ್ತು.

ಕ್ಲೇಗೂ ಕಾಟ ಇದೆ. ನಮ್ಮ ಬೇಸಿಗೆಯಲ್ಲಿ ಒಂಬತ್ತು ಗಂಟೆಗೆಲ್ಲ ಮೆತ್ತಗಾಗಿ ಬಣ್ಣಕ್ಕೇ ಅಂಟುತ್ತೆ. ಕೈ ಜಾರಿ ನೆಲಕ್ಕೆ ಬಿತ್ತೋ, ಮರಳು ಹತ್ತಿದ ಆ ತುಂಡನ್ನು ಎಸೆಯಲೇಬೇಕು. ಅದಕ್ಕೇ ಇಡೀ ಮುದ್ದೆ ಕೈಗೆ ತಗೊಳ್ಳಬೇಡಿ, ನಾಲ್ಕು ಭಾಗ ಮಾಡಿಟ್ಟುಕೊಳ್ಳಿ. ಹಳೇ ವ್ಯಾಕ್ಸನ್ನೂ ಅದು ಕಿತ್ತುಕೊಂಡು ಹೋಗುತ್ತೆ, ಹಾಗಾಗಿ ಪ್ರತಿ ಸಲ ವ್ಯಾಕ್ಸ್ ಮತ್ತೆ ಹಾಕಲೇಬೇಕು. ವರ್ಷಕ್ಕೆ ಎರಡು ಸಲ ಸಾಕು, ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ.

ಟಾಪಿಗೆ ಮಾತ್ರ ಇದ್ಯಾವುದೂ ಉಪಯೋಗಕ್ಕೆ ಬರಲಿಲ್ಲ. ಅಲ್ಲಿ ಕ್ಲಿಯರ್ ಕೋಟೇ ಪೊರೆಪೊರೆಯಾಗಿ ಎದ್ದಿದೆ. ಹಾಗೆ ಎದ್ದದ್ದನ್ನು ಯಾವ ಡಬ್ಬಿಯೂ ಕೂರಿಸಲ್ಲ, ಬಣ್ಣ ಹೊಡೆಸೋದೇ ದಾರಿ. ಬಣ್ಣದ ಮೇಲೆ ರಕ್ಷಣೆಗೆ ಗಟ್ಟಿ ಪದರ ಹಾಕುವ ಸಿರಾಮಿಕ್ ಕೋಟಿಂಗ್ ವಿಚಾರಿಸಿದಾಗ ಹೇಳಿದ ರೇಟು ನನ್ನ ಕಾರು ಇವತ್ತು ಮಾರಿದರೆ ಬರುವ ದುಡ್ಡಿನ ಹತ್ತನೇ ಒಂದು ಪಾಲು. ಬೇಡಪ್ಪ ಅಂತ ಬಂದೆ.

ಹೊಸ ಕಾರು, ಒಳ್ಳೆ ಶೆಡ್ ಇರೋರಿಗೆ ಇದರ ಅಗತ್ಯವೇ ಕಾಣಲಿಕ್ಕಿಲ್ಲ. ನಮ್ಮ ಹಾಗೆ ಬಯಲಲ್ಲಿ ನಿಲ್ಲಿಸೋರು ಕಿಟ್ ತಗೊಳ್ಳಬೇಡಿ, 100 ಗ್ರಾಮಿನ ಬಿಡಿ ಕ್ಲೇ ಸಿಗುತ್ತೆ. ನಾನೂ ಈ ಸಲ ಅದನ್ನೇ ತರಿಸಿದ್ದೀನಿ, ವ್ಯಾಕ್ಸ್ ಬೇರೆ ಕಂಪನಿಯದು ಹುಡುಕಬೇಕು.