ಕೇಳಿದವರ ಮಾತಿನಂತೆ ತಿದ್ದುತ್ತಾ ಹೋಗಿ ದೊಡ್ಡಮ್ಮನ ನಾಲ್ಕು ಹಾಡುಗಳನ್ನು ಕಳೆದುಕೊಂಡೆ

ಮನೆಯಲ್ಲಿಯೇ ಹಾಡು ರೆಕಾರ್ಡ್ ಮಾಡಿ, ಅದನ್ನು ಬಂಧುಬಳಗಕ್ಕೆ ಕಳುಹಿಸಿ, ಅವರು ಹೇಳಿದಂತೆ ಮಿಕ್ಸಿಂಗ್ (ಕಂಠ, ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವ ಕೆಲಸ) ತಿದ್ದುತ್ತಿರುವವರು ದಯವಿಟ್ಟು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. 74 ವರ್ಷದ ನನ್ನ ದೊಡ್ಡಮ್ಮ ಹಾಡಿದ ಆರು ದಾಸರ ಪದಗಳಲ್ಲಿ ನಾಲ್ಕರ ಮೂಲ ಧ್ವನಿ ಇಂದು ಎಲ್ಲಿಯೂ ಇಲ್ಲ. ಕಂಪ್ಯೂಟರ್ ಕೆಟ್ಟಿರಲಿಲ್ಲ, ಕಡತಗಳನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ಎರಡು ತಿಂಗಳ ಕಾಲ ರಾತ್ರಿ ಕುಳಿತು, ಹಾಡು ಚೆನ್ನಾಗಿ ಬರಲೆಂಬ ಆಸೆಯಿಂದಲೇ ತಿದ್ದಿ ತಿದ್ದಿ, ಅದನ್ನು ಅಳಿಸಿದವನು ನಾನೇ.

ಕಾರ್ತಿಕ ಮಾಸದಲ್ಲಿ, ಮಳೆ ಪೂರ್ತಿ ನಿಂತು ಹೆಂಚಿನ ಮೇಲಿನ ಸದ್ದು ಅಡಗಿದ ಮೇಲೆ, ಸಾಗರದ ಹತ್ತಿರದ ನಮ್ಮ ಮನೆಯ ಒಳಕೋಣೆಯಲ್ಲಿ ಕಿಟಕಿಗೆ ಜಮಖಾನೆ ಇಳಿಬಿಟ್ಟು ಎರಡು ರಾತ್ರಿ ರೆಕಾರ್ಡಿಂಗ್ ನಡೆಸಿದೆವು. ದೊಡ್ಡಮ್ಮ ಒಂದು ಕಿವಿಗೆ ಇಯರ್‌ಫೋನ್ ಇಟ್ಟುಕೊಂಡು ಅದರಲ್ಲಿ ತಂಬೂರಿಯ ಶ್ರುತಿ ಕೇಳುತ್ತಾ ಹಾಡಿದರು. ಹೀಗಾಗಿ ಅವರ ಕಂಠ ಬೇರೆಯೇ ಟ್ರ್ಯಾಕಿನಲ್ಲಿ ಬಂತು. ತಬಲಾ, ಹಾರ್ಮೋನಿಯಂ ಮುಂದಿನ ವಾರ ಸೇರಿದವು. ಪಕ್ಕದ ಅಡುಗೆಮನೆಯ ಫ್ರಿಜ್ಜಿನ ಗುಂಯ್ ಎನ್ನುವ ಸದ್ದು ಕಂಠದ ಹಿಂದೆ ತೆಳ್ಳಗೆ ಉಳಿದಿತ್ತು. ನನ್ನ ಮೊದಲ ಮಿಕ್ಸಿಂಗಿನಲ್ಲಿ ತಪ್ಪುಗಳಿದ್ದದ್ದು ನಿಜ, ಆದರೆ ಅವೆಲ್ಲ ಸರಿಪಡಿಸಬಹುದಾದ ತಪ್ಪುಗಳು.

ಅದನ್ನು 31 ಜನರಿಗೆ ಕಳುಹಿಸಿ, "ಹೇಗಿದೆ ಹೇಳಿ" ಎಂದಷ್ಟೇ ಕೇಳಿದೆ. ಅನಾಹುತದ ಬೀಜ ಈ ಪ್ರಶ್ನೆಯಲ್ಲಿಯೇ ಇತ್ತು. ಊರಿನ ಚಿಕ್ಕಪ್ಪ ತಬಲಾ ಕೇಳಿಸುವುದೇ ಇಲ್ಲವೆಂದರು. ನಾನು ಡಗ್ಗಾದ, ಅಂದರೆ ತಬಲಾ ಜೋಡಿಯ ಎಡಗೈ ವಾದ್ಯದ, ಬೇಸ್ (ತಳನಾದ) ಏರಿಸಿದೆ. ಮರುದಿನ ಬೆಂಗಳೂರಿನ ಭಾವ, ಡಗ್ಗಾ ಎದೆಗೆ ಗುದ್ದಿದಂತೆ ಬರುತ್ತಿದೆ, ಸಾಹಿತ್ಯ ಮುಳುಗಿಹೋಗಿದೆ ಎಂದು ಬರೆದರು. ಇಳಿಸಿದೆ. ಮತ್ತೆ ಚಿಕ್ಕಪ್ಪನ ದೂರು ಬಂತು. ಚಿಕ್ಕಪ್ಪ ಕೇಳುತ್ತಿದ್ದದ್ದು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ, ಭಾವ ಕೇಳುತ್ತಿದ್ದದ್ದು ಕಾರಿನಲ್ಲಿ ಎಂಬುದನ್ನು ವಿಚಾರಿಸಲು ನನಗೆ ಮೂರು ವಾರ ಹಿಡಿಯಿತು. ಹರ್ಟ್ಸ್ ಎಂದರೆ ಸೆಕೆಂಡಿಗೆ ಆಗುವ ಕಂಪನಗಳ ಎಣಿಕೆ. ಮೊಬೈಲಿನ ಸ್ಪೀಕರ್ ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನ ನಾದವನ್ನು ಹೆಚ್ಚುಕಡಿಮೆ ನುಡಿಸುವುದೇ ಇಲ್ಲ. ಡಗ್ಗಾದ ಗುಮ್ಮೆನ್ನುವ ತಳನಾದ ಇರುವುದು ಅದಕ್ಕಿಂತ ಕೆಳಗೆ. ಆ ತಳವನ್ನು ನಾನು ಎಷ್ಟು ಏರಿಸಿದರೂ ಚಿಕ್ಕಪ್ಪನಿಗೆ ಏನೂ ತಲುಪುತ್ತಿರಲಿಲ್ಲ, ಭಾವನ ಕಾರು ಮಾತ್ರ ಅದುರುತ್ತಿತ್ತು. ಡಗ್ಗಾದ ಮೇಲೆ ಕೈ ಬೀಳುವ ಸದ್ದು ಹಲವು ನೂರು ಹರ್ಟ್ಸ್‌ನ ಮೇಲಿರುತ್ತದೆ. ಅದನ್ನು ಸ್ವಲ್ಪ ಎತ್ತಿಕೊಟ್ಟಿದ್ದರೆ ಇಬ್ಬರಿಗೂ ಸಮಾಧಾನವಾಗುತ್ತಿತ್ತು. ಇಬ್ಬರೂ ತಮಗೆ ಕೇಳಿಸಿದ್ದನ್ನು ಸತ್ಯವಾಗಿಯೇ ಹೇಳಿದ್ದರು. ಯಾವುದರಲ್ಲಿ ಕೇಳಿದಿರಿ ಎಂದು ನಾನು ಕೇಳಿರಲಿಲ್ಲ, ಅಷ್ಟೇ.

ನಾನು ಮಿಕ್ಸಿಂಗ್ ಮಾಡುತ್ತಿದ್ದ ಜಾಗವೂ ಮೋಸ ಮಾಡುತ್ತಿತ್ತು. ಹೆಡ್‌ಫೋನ್ ಬಿಟ್ಟು ಸ್ಪೀಕರಿನಲ್ಲಿ ಕೇಳತೊಡಗಿದಾಗ 10 ಅಡಿ ಚೌಕದ ಕೋಣೆಯ ನಡುಮಧ್ಯದಲ್ಲಿ ಕುರ್ಚಿ ಹಾಕಿಕೊಂಡಿದ್ದೆ. ಅಷ್ಟು ಅಗಲದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ನಾದ ಅನುರಣಿಸುತ್ತದೆ. ಅದು ಗೋಡೆಯ ಬಳಿ ಜೋರಾಗಿಯೂ ನಟ್ಟನಡುವೆ ತೀರಾ ಕ್ಷೀಣವಾಗಿಯೂ ಕೇಳಿಸುತ್ತದೆ. ತಳನಾದ ಸಾಲದೆಂದು ನಾನು ನಂಬಿದ್ದಕ್ಕೆ ಕುರ್ಚಿ ಇದ್ದ ಸ್ಥಳವೂ ಒಂದು ಕಾರಣ.

ಎರಡನೆಯ ಪೆಟ್ಟು ಬಿದ್ದದ್ದು ಸದ್ದಿನ ಜೋರಿನ ವಿಷಯದಲ್ಲಿ. ಸಿನಿಮಾ ಹಾಡುಗಳ ಪಕ್ಕದಲ್ಲಿ ಇದು ಮೆಲ್ಲಗೆ ಕೇಳಿಸುತ್ತದೆ ಎಂದು ನಾಲ್ಕೈದು ಜನ ಹೇಳಿದರು. ನಾನು ಲಿಮಿಟರ್ (ಏರಿದ ಸದ್ದನ್ನು ಒಂದು ಮಿತಿಯಲ್ಲಿ ತಡೆದು, ಒಟ್ಟು ಹಾಡನ್ನು ಜೋರಾಗಿಸಲು ಬಿಡುವ ಸಾಧನ) ಹಾಕಿ, ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಲ್ಪ ಜೋರಾಗಿಸಿ ಕಳುಹಿಸಿದೆ, ಪ್ರತಿ ಸಲವೂ "ಈಗ ಇನ್ನೂ ಚೆನ್ನಾಗಿದೆ" ಎಂಬ ಉತ್ತರ ಬಂತು. ಆ ಉತ್ತರಗಳಿಂದ ನಾನು ಹಿಗ್ಗಿದೆ. ಸದ್ದಿನ ಮಟ್ಟ ಏರಿದಂತೆ ನಮ್ಮ ಕಿವಿಗೆ ತಳದ ಮತ್ತು ತುದಿಯ ನಾದಗಳು ಹೆಚ್ಚು ತುಂಬಿಕೊಂಡು ಕೇಳಿಸುತ್ತವೆಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲಿಯೇ ಅಳೆದು ಪ್ರಕಟಿಸಿದ್ದಾರೆ. ಒಂದೇ ಹಾಡನ್ನು ತುಸು ಜೋರಾಗಿ ಕೇಳಿಸಿದರೂ ಬಹುಪಾಲು ಜನ ಅದನ್ನೇ ಉತ್ತಮವೆನ್ನುತ್ತಾರೆ. ಎರಡು ಆವೃತ್ತಿಗಳನ್ನು ಹೋಲಿಸಲು ಕಳುಹಿಸುವ ಮೊದಲು ಎರಡರ ಜೋರನ್ನೂ ಸಮ ಮಾಡದಿದ್ದರೆ, ಬರುವ ಮೆಚ್ಚುಗೆಯಿಂದ ಮಿಕ್ಸಿಂಗಿನ ಬಗ್ಗೆ ಏನನ್ನೂ ತಿಳಿಯಲಾಗದು. ಹಾಡಿನ ಒಟ್ಟು ಜೋರನ್ನು ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ ಅಳೆಯುತ್ತಾರೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಕೊನೆಯ ಆವೃತ್ತಿ ಮೈನಸ್ 7 ಎಲ್‌ಯುಎಫ್‌ಎಸ್‌ಗೆ ಬಂದು ನಿಂತಿತ್ತು. ಯೂಟ್ಯೂಬ್ ಸುಮಾರು ಮೈನಸ್ 14ಕ್ಕಿಂತ ಜೋರಾಗಿರುವುದನ್ನು ತಾನೇ ತಗ್ಗಿಸಿ ನುಡಿಸುವುದರಿಂದ, ಏರಿಸಿದ್ದೆಲ್ಲ ಅಲ್ಲಿ ಇಳಿದುಹೋಯಿತು. ದೊಡ್ಡಮ್ಮ ಅನುಪಲ್ಲವಿಯಿಂದ ಪಲ್ಲವಿಗೆ ಮರಳುವಾಗ ಧ್ವನಿಯನ್ನು ಮೆಲ್ಲಗೆ ಇಳಿಸುತ್ತಿದ್ದ ಆ ಇಳಿಕೆ ಮಾತ್ರ ಲಿಮಿಟರಿನಲ್ಲಿ ಸಿಕ್ಕಿ ಸಪಾಟಾಗಿ ಹೋಗಿತ್ತು.

ಸರಿಪಡಿಸಲಾಗದ ತಪ್ಪು ನಡೆದದ್ದು ಫ್ರಿಜ್ಜಿನ ಸದ್ದಿನ ವಿಷಯದಲ್ಲಿ. ಹೆಡ್‌ಫೋನಿನಲ್ಲಿ ಕೇಳಿದ ಒಬ್ಬರು ಹಿಂದೆ ಏನೋ ಗುಂಯ್‌ಗುಡುತ್ತಿದೆ ಎಂದು ಸರಿಯಾಗಿಯೇ ಗುರುತಿಸಿದರು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಇಂಥ ಸದ್ದು ಬಹುಮಟ್ಟಿಗೆ 50, 100, 150 ಹೀಗೆ ಅದರ ಗುಣಕಗಳಲ್ಲಿ ಕುಳಿತಿರುತ್ತದೆ. ಆ ಕೆಲವೇ ಕಡೆ ಈಕ್ವಲೈಜರಿನಿಂದ (ಬೇಕಾದ ಆವರ್ತನವನ್ನಷ್ಟೇ ಏರಿಸುವ, ಇಳಿಸುವ ಸಾಧನ) ಸಣ್ಣ ಕಚ್ಚು ಕೊಟ್ಟಿದ್ದರೆ ಸಾಕಿತ್ತು. ನಾನು ನಾಯ್ಸ್ ರಿಡಕ್ಷನ್ ಎಂಬ, ಹಿನ್ನೆಲೆಯ ಗದ್ದಲ ಅಳಿಸುವ ಸಾಧನವನ್ನು ಇಡೀ ಕಂಠದ ಟ್ರ್ಯಾಕಿನ ಮೇಲೆ, ಒಂದಲ್ಲ ಎರಡಲ್ಲ, ಮೂರು ಸಲ ಓಡಿಸಿದೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಸಲವೂ ಹಳೆಯ ಕಡತದ ಮೇಲೆಯೇ ಸೇವ್ ಮಾಡಿದೆ. ಈ ಸಾಧನ ಗುಂಯ್ ಎನ್ನುವುದನ್ನು ತೆಗೆಯುತ್ತದೆ, ಜೊತೆಗೆ ಗದ್ದಲದಂತೆಯೇ ರೂಪವಿರುವ ಉಸಿರಿನ ಅಕ್ಷರಗಳನ್ನೂ ಕೆತ್ತಿಹಾಕುತ್ತದೆ. ನಮ್ಮ ಭಾಷೆಯ ಹ, ಶ, ಸ, ಮಹಾಪ್ರಾಣಗಳೆಲ್ಲ ಉಸಿರಿನ ಅಕ್ಷರಗಳೇ. ಪರಿಚಿತರೊಬ್ಬರು ಸಂಕೋಚದಿಂದ, "ನಿಮ್ಮ ದೊಡ್ಡಮ್ಮನವರಿಗೆ ಹಕಾರ ಸ್ವಲ್ಪ ಕಷ್ಟವೇ?" ಎಂದು ಕೇಳಿದಾಗ ನಾನು ಹಾಡನ್ನು ಮತ್ತೆ ಹಾಕಿ ಕೇಳಿದೆ. ಹರಿ ಎಂದು ಅವರು ಕರೆದಲ್ಲೆಲ್ಲ ಅರಿ ಎಂದು ಕೇಳಿಸುತ್ತಿತ್ತು. ದೇವರನ್ನು ಕರೆಯುವ ಪದ ಶತ್ರುವಿನ ಪದವಾಗಿತ್ತು. ಐವತ್ತು ವರ್ಷ ಊರಿನ ಹೆಣ್ಣುಮಕ್ಕಳಿಗೆ ಹಾಡು ಹೇಳಿಕೊಡುತ್ತಾ, ಒಂದು ಒತ್ತಕ್ಷರ ಜಾರಿದರೂ ನಿಲ್ಲಿಸಿ ತಿದ್ದುತ್ತಿದ್ದವರ ಕಂಠಕ್ಕೆ ನಾನು ಈ ಗತಿ ತಂದಿದ್ದೆ. ದಾಸರ ಪದದಲ್ಲಿ ಸಾಹಿತ್ಯ ಕೆಟ್ಟರೆ ಉಳಿದುದೆಲ್ಲ ಇದ್ದೂ ಇಲ್ಲದಂತೆ ಎಂದೇ ನಾನು ಈಗಲೂ ನಂಬಿದ್ದೇನೆ. ಹಿಂದಿನ ಪ್ರತಿ ಹುಡುಕಿದೆ. ಮೊದಲ ರಾತ್ರಿಯ ರೆಕಾರ್ಡಿಂಗ್ ಇದ್ದ ಮೆಮೊರಿ ಕಾರ್ಡನ್ನು ಎರಡನೆಯ ರಾತ್ರಿಗಾಗಿ ಅಳಿಸಿ ಬಳಸಿದ್ದೆ.

ಆಗಲೂ ನಾನು ನಿಲ್ಲಿಸಲಿಲ್ಲ. ಹಾಡು ಕಿವಿಯ ನಡುವೆ ಇಕ್ಕಟ್ಟಾಗಿದೆ, ಅಗಲವಾಗಬೇಕು ಎಂದು ಯಾರೋ ಹೇಳಿದ್ದರಿಂದ ತಂಬೂರಿಗೆ ಸ್ಟೀರಿಯೊ ಹಿಗ್ಗಿಸುವ ಸಾಧನ ಹಾಕಿದೆ. ನಾನು ಬಳಸಿದ್ದು ಒಂದೇ ನಾದವನ್ನು ಎಡಕ್ಕೆ ಇದ್ದಂತೆಯೂ ಬಲಕ್ಕೆ ತಲೆಕೆಳಗಾಗಿಯೂ ಕಳುಹಿಸುವಂಥದ್ದು. ಹೆಡ್‌ಫೋನಿನಲ್ಲಿ ತಂಬೂರಿ ಕೋಣೆ ತುಂಬಿದಂತಿತ್ತು, ಎಲ್ಲರೂ ಹೊಗಳಿದರು. ಪುಷ್ಯ ಬಹುಳ ಅಮಾವಾಸ್ಯೆಯಂದು, ಪುರಂದರದಾಸರ ಆರಾಧನೆಗೆ, ಊರಿನ ದೇವಸ್ಥಾನದಲ್ಲಿ ಈ ಹಾಡುಗಳನ್ನು ಹಾಕಿದರು. ಅಲ್ಲಿನ ಧ್ವನಿವರ್ಧಕ ಮೊನೊ, ಅಂದರೆ ಎಡ ಬಲ ಎರಡನ್ನೂ ಕೂಡಿಸಿ ಒಂದಾಗಿ ನುಡಿಸುವಂಥದ್ದು. ಎಡ ಬಲ ಕೂಡಿದಾಗ ತಲೆಕೆಳಗಾದ ನಾದ ನೇರ ನಾದವನ್ನು ಕಳೆದುಬಿಡುತ್ತದೆ. ತಂಬೂರಿ ಸಂಪೂರ್ಣವಾಗಿ ಮಾಯವಾಗಿತ್ತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ದೊಡ್ಡಮ್ಮ ನನ್ನ ಕಡೆ ತಿರುಗಿ, "ಶ್ರುತಿ ಇಲ್ದೆ ನಾನು ಯಾವತ್ತು ಹಾಡಿದ್ದೆ ಮಗೂ?" ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. 31 ಜನರಿಗೆ ಕಳುಹಿಸಿದ್ದ ನಾನು ಹಾಡಿದವರಿಗೇ ಒಮ್ಮೆಯೂ ಕೇಳಿಸಿರಲಿಲ್ಲ.

ಈಗ ನಾನು ಅನುಸರಿಸುತ್ತಿರುವ ಕ್ರಮ ಇದು. ರೆಕಾರ್ಡಿಂಗ್ ಮುಗಿದ ರಾತ್ರಿಯೇ ಮೂಲ ಕಡತಗಳ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿ ಇಡುತ್ತೇನೆ. ಪ್ರತಿ ತಿದ್ದುಪಡಿಗೂ ದಿನಾಂಕವಿರುವ ಹೊಸ ಹೆಸರು ಕೊಡುತ್ತೇನೆ. ಕಳುಹಿಸುವುದು ಐದಾರು ಜನರಿಗೆ ಮಾತ್ರ. ಯಾವುದರಲ್ಲಿ ಕೇಳಿದಿರಿ, ಯಾವ ಸಾಲಿನಲ್ಲಿ ಪದ ತಿಳಿಯಲಿಲ್ಲ, ಎಷ್ಟನೆಯ ನಿಮಿಷದಲ್ಲಿ ಕಿವಿಗೆ ಹಿತವಾಗಲಿಲ್ಲ ಎಂದು ಕೇಳುತ್ತೇನೆ. ಬೇಸ್ ಏರಿಸಿ, ಎಕೋ ಹಾಕಿ ಎಂಬಂಥ ಸಲಹೆ ಬಂದರೆ ಅದರ ಹಿಂದಿನ ತೊಂದರೆ ಏನೆಂದು ಮತ್ತೊಮ್ಮೆ ವಿಚಾರಿಸುತ್ತೇನೆ; ಒಂದೇ ತೊಂದರೆಯನ್ನು ಬೇರೆ ಬೇರೆ ಸಾಧನಗಳಲ್ಲಿ ಕೇಳಿದ ಇಬ್ಬರು ಹೇಳುವವರೆಗೆ ಕೈ ಹಾಕುವುದಿಲ್ಲ. ಕಳುಹಿಸುವ ಮೊದಲು ಮೊನೊದಲ್ಲಿ ಒಮ್ಮೆ ಕೇಳಿಯೇ ಕೇಳುತ್ತೇನೆ.

ಎರಡನೆಯ ರಾತ್ರಿಯ ಎರಡು ಹಾಡುಗಳು ಕಾರ್ಡಿನಲ್ಲಿ ಉಳಿದಿದ್ದವು. ಅವನ್ನು ಫ್ರಿಜ್ಜಿನ ಸದ್ದಿನ ಸಮೇತ ಇಟ್ಟುಕೊಂಡು ಹೊಸದಾಗಿ ಮಿಕ್ಸಿಂಗ್ ಮಾಡುತ್ತಿದ್ದೇನೆ, ಪಕ್ಕದಲ್ಲಿ ದೊಡ್ಡಮ್ಮ ಕುಳಿತಿರುತ್ತಾರೆ. ಕಳೆದ ಬೇಸಿಗೆಯಿಂದ ಅವರಿಗೆ ಉಸಿರಿನ ತೊಂದರೆ ಇದೆ. ಎರಡು ಸಾಲು ಹಾಡುವಷ್ಟರಲ್ಲಿ ದಣಿಯುತ್ತಾರೆ. ಉಳಿದ ನಾಲ್ಕು ಪದಗಳನ್ನು ಅವರು ತಮ್ಮ ಇಬ್ಬರು ಶಿಷ್ಯೆಯರಿಗೆ, ಒಂದೊಂದು ಸಾಲಾಗಿ, ಮತ್ತೆ ಹೇಳಿಕೊಡುತ್ತಿದ್ದಾರೆ.